ಶ್ವಾಸಕೋಶಕ್ಕೆ ಒಂದೇ ಅಂಕಿ ಸಾಕೇ?

2008ರಲ್ಲಿ ಪ್ರಕಟವಾದ ಅಪ್‌ಲಿಫ್ಟ್ ಪ್ರಯೋಗಕ್ಕೆ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ಸುಮಾರು 6,000 ರೋಗಿಗಳು ಸೇರಿದ್ದರು. ನಾಲ್ಕು ವರ್ಷ ಅವರನ್ನು ಮತ್ತೆ ಮತ್ತೆ ಸ್ಪೈರೋಮೀಟರಿಗೆ ಊದಿಸಿ, ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿಯನ್ನು ಅಳೆದರು. ಶ್ವಾಸನಾಳ ಹಿಗ್ಗಿಸುವ ಔಷಧ ಟಿಯೊಟ್ರೋಪಿಯಂ ಕೊಟ್ಟವರಲ್ಲೂ ಅದನ್ನು ಕೊಡದವರಲ್ಲೂ ಶ್ವಾಸಶಕ್ತಿ ವರ್ಷವರ್ಷ ಕುಸಿದ ವೇಗ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಷ್ಟು ತಿಳಿಯಲು ಇಷ್ಟು ಜನ, ಇಷ್ಟು ಕಾಲ ಬೇಕಾಯಿತೆಂದರೆ ಅದರಲ್ಲಿ ಅಳತೆಗೋಲಿನ ಮೊಂಡುತನದ ಪಾಲೂ ಇದೆ.

ಸಿಒಪಿಡಿಯ ಒಂದು ಮುಖವಾದ ಎಂಫಿಸೆಮಾದಲ್ಲಿ ವಾಯುಕೋಶಗಳ ನಡುವಿನ ತೆಳುಗೋಡೆಗಳು ನಾಶವಾಗುತ್ತವೆ. ಹಲವು ಕೋಶಗಳು ಕೂಡಿ ಒಂದು ಪೊಳ್ಳಾಗುತ್ತದೆ, ಆಮ್ಲಜನಕ ರಕ್ತಕ್ಕೆ ದಾಟುವ ಜಾಗ ಕುಗ್ಗುತ್ತದೆ. ಬಿದ್ದ ಗೋಡೆಯನ್ನು ಮತ್ತೆ ಕಟ್ಟುವ ಔಷಧ ಇನ್ನೂ ಇಲ್ಲ. ಧೂಮಪಾನಿಗಳಲ್ಲಿ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗ ಮೊದಲು ಹಾಳಾಗುತ್ತದೆ. ಊದಿದ ಗಾಳಿಯ ಒಟ್ಟು ಲೆಕ್ಕದಲ್ಲಿ ಗಟ್ಟಿಯಾಗಿರುವ ಭಾಗ ಕೆಟ್ಟ ಭಾಗವನ್ನು ಮರೆಮಾಡಿಬಿಡುತ್ತದೆ. ಸಿ.ಟಿ. ಸ್ಕ್ಯಾನ್ ಜಾಗವನ್ನೇನೋ ತೋರಿಸುತ್ತದೆ, ಆದರೆ ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟಿರುವ ವಾಯುಕೋಶ ಅದಕ್ಕೆ ಬಿಡಿಯಾಗಿ ಕಾಣುವುದಿಲ್ಲ.

ಸಾಮಾನ್ಯ ಎಂಆರ್‌ಐ ನೀರಿನಲ್ಲಿರುವ ಹೈಡ್ರೋಜನ್ನನ್ನು ಹುಡುಕುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಅದರಲ್ಲಿ ಬಹುಪಾಲು ಕಪ್ಪು. 1994ರಲ್ಲಿ ಅಮೆರಿಕದ ಸಂಶೋಧಕರು ಇಲಿಯ ಶ್ವಾಸಕೋಶಕ್ಕೆ ಕ್ಸೆನಾನ್-129 ತುಂಬಿ ಆ ಅನಿಲದ್ದೇ ಚಿತ್ರ ತೆಗೆದರು. ಲೇಸರ್ ಬೆಳಕನ್ನು ರುಬಿಡಿಯಂ ಆವಿಗೆ ಹಾಯಿಸಿದರೆ, ಆ ಆವಿಯ ಮೂಲಕ ಕ್ಸೆನಾನ್ ಬೀಜಕೇಂದ್ರಗಳು ಒಂದೇ ದಿಕ್ಕಿಗೆ ತಿರುಗಿ ಸಂಕೇತ ಸಾವಿರಾರು ಪಟ್ಟು ಹೆಚ್ಚುತ್ತದೆ. ರೋಗಿಯ ಕೆಲಸ ಇಷ್ಟೇ: ಚೀಲದಲ್ಲಿರುವ ಅನಿಲವನ್ನು ಎಳೆದುಕೊಂಡು ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿಯಬೇಕು. ಕ್ಸೆನಾನ್ ಅರಿವಳಿಕೆ ಗುಣದ ಅನಿಲ, ಹಾಗಾಗಿ ಕೆಲವರಿಗೆ ತುಸು ಹೊತ್ತು ತಲೆ ಸುತ್ತಿದಂತಾಗಬಹುದು.

ನನ್ನನ್ನು ಒಪ್ಪಿಸಿದ್ದು ಮುಂದಿನ ಹೆಜ್ಜೆ. ಅನಿಲದ ಪರಮಾಣುಗಳು ಎಡೆಬಿಡದೆ ಅಲೆಯುತ್ತವೆ. ಗೋಡೆ ಇದ್ದಲ್ಲಿ ಬಡಿದು ಹಿಂದಿರುಗುತ್ತವೆ, ಇಲ್ಲದ ಕಡೆ ದೂರ ಸಾಗುತ್ತವೆ. ಅವು ಎಷ್ಟು ಸಾಗಿದವೆಂದು ಅಳೆದರೆ, ಯಾವ ಸ್ಕ್ಯಾನಿಗೂ ಕಾಣದ ಕೋಶದ ಅಗಲದ ಲೆಕ್ಕ ಜಾಗಜಾಗಕ್ಕೂ ಸಿಗುತ್ತದೆ. ಕಾಯಿಲೆಯ ಲಕ್ಷಣವೇ ಇಲ್ಲದ ಧೂಮಪಾನಿಗಳಲ್ಲೂ ಈ ಅಳತೆ ಏರಿರುವುದು ಅಧ್ಯಯನಗಳಲ್ಲಿ ಕಂಡಿದೆ.

ಗೋಡೆ ಕಟ್ಟುವ ಔಷಧವೇ ಇಲ್ಲದ ಕಾಯಿಲೆಯನ್ನು ಬೇಗ ಕಂಡು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಔಷಧ ಹುಟ್ಟಬೇಕಾದರೆ ಸಣ್ಣ ಬದಲಾವಣೆಯನ್ನೂ ಹಿಡಿಯುವ ಅಳತೆ ಮೊದಲು ಬೇಕು, ಇಲ್ಲವಾದರೆ ಒಳ್ಳೆಯ ಔಷಧವೂ ಪ್ರಯೋಗದಲ್ಲೇ ಕಳೆದುಹೋದೀತು. ದುಬಾರಿ ಎಂಬ ಆಕ್ಷೇಪಣೆ ಮಾತ್ರ ನ್ಯಾಯವಾದದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ಡಿಸೆಂಬರಿನಲ್ಲಿ ಕ್ಸೆನಾನಿಗೆ ಒಪ್ಪಿಗೆ ಕೊಟ್ಟಿದ್ದೂ ಗಾಳಿ ಎಲ್ಲೆಲ್ಲಿ ಆಡುತ್ತಿದೆ ಎಂದು ನೋಡುವುದಕ್ಕೇ ಹೊರತು ಗೋಡೆಗಳ ಲೆಕ್ಕಕ್ಕಲ್ಲ. ತಾಲ್ಲೂಕು ಆಸ್ಪತ್ರೆಗೆ ಬೇಕಾದದ್ದು ಚೆನ್ನಾಗಿ ನಡೆಯುವ ಸ್ಪೈರೋಮೀಟರ್ ಮತ್ತು ಅದನ್ನು ಸರಿಯಾಗಿ ಊದಿಸಬಲ್ಲ ಸಿಬ್ಬಂದಿ.

ಆದರೂ ನಮ್ಮ ದೊಡ್ಡ ಸಂಶೋಧನಾ ಆಸ್ಪತ್ರೆಗಳು ಈ ತಂತ್ರವನ್ನು ಕಲಿಯಲೇಬೇಕು. ಸಿಗರೇಟು ಮುಟ್ಟದೆ, ಸೌದೆ ಒಲೆಯ ಮುಂದೆಯೇ ಬದುಕು ಸವೆಸಿದ ಹೆಂಗಸರಲ್ಲಿ ಎಂಫಿಸೆಮಾ ಕಡಿಮೆ, ಸಣ್ಣ ಶ್ವಾಸನಾಳಗಳ ಹಾನಿ ಹೆಚ್ಚು ಎಂದು ಸಿ.ಟಿ. ಅಧ್ಯಯನಗಳು ಸೂಚಿಸಿವೆ. ಊದುವ ಪರೀಕ್ಷೆಯಲ್ಲಿ ಅವರಿಗೂ ಧೂಮಪಾನಿಗೂ ಒಂದೇ ಅಂಕಿ ಬರಬಹುದು, ಒಂದೇ ಚೀಟಿ ಬರೆದುಕೊಡಲೂಬಹುದು.