ಆನೆ ಎಲ್ಲಿದೆ ಅಂದ್ರೆ ಗ್ರಾಫ್ ತೋರಿಸೋರು

ಹೋದ ತಿಂಗಳು ಆಲೂರು ಕಡೆ ಸೋದರಮಾವನ ಮನೆಗೆ ಹೋಗಿದ್ದೆ. ಕಾಫಿ ತೋಟ, ಆಚೆಗೊಂದು ಹಳ್ಳ, ಹಳ್ಳದಾಚೆ ಮತ್ತೆ ತೋಟ. ರಾತ್ರಿ ಊಟ ಆದ ಮೇಲೆ ಮಾವ ಮೊಬೈಲಿಗೆ ಬಂದಿದ್ದ ಆನೆ ಸಂದೇಶ ಓದ್ತಾ ಕೂತಿದ್ರು. ನಾನು ಸುಮ್ಮನಿರಲಾರದೆ, "ಮಾವ, ನನ್ನ ಬಿಇ ಪ್ರಾಜೆಕ್ಟ್ ಇದರ ಮೇಲೇ ಇತ್ತು. ವೈರ್‌ಲೆಸ್ ಸೆನ್ಸರ್‌ಗಳಿಂದ ಓಡಾಡೋ ವಸ್ತುವಿನ ಜಾಡು ಹಿಡಿಯೋದು" ಅಂತ ಕೊಚ್ಚಿಕೊಂಡೆ. ಮಾವ ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಇಷ್ಟೇ: "ಬೆಳಿಗ್ಗೆ ಆಳುಗಳನ್ನ ಹಳ್ಳದಾಚೆ ಕಳಿಸಬಹುದೋ ಬೇಡ್ವೋ, ಅದು ಹೇಳ್ತಿತ್ತೇನಪ್ಪಾ?"

ಇಲ್ಲ, ಹೇಳ್ತಿರಲಿಲ್ಲ.

ನಮ್ಮ ಪ್ರಾಜೆಕ್ಟ್ ಹೇಗಿತ್ತು ಅಂದ್ರೆ, ನೂರು ಮೀಟರ್ ಉದ್ದ ನೂರು ಮೀಟರ್ ಅಗಲದ ಬಯಲು. ಮರ ಇಲ್ಲ, ಮಳೆ ಇಲ್ಲ. ಅದರೊಳಗೆ ನೂರು ನೋಡ್, ಒಂದೊಂದಕ್ಕೂ ಅರ್ಧ ಜೂಲ್ ಶಕ್ತಿ. ೨೦೦೦ದಲ್ಲಿ ಎಂಐಟಿಯವರು ಪ್ರಕಟಿಸಿದ ಲೀಚ್ ಪ್ರೋಟೋಕಾಲಿಗೆ ನಾವೊಂದು ಬಾಲ ಅಂಟಿಸಿದ್ವಿ. ನಮ್ಮ 'ಟಾರ್ಗೆಟ್' ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಮನಸ್ಸು ಬಂದ ಕಡೆ ತಿರುಗ್ತಿತ್ತು. ಗ್ರಾಫ್ ಚೆನ್ನಾಗಿ ಬಂತು, ಮಾರ್ಕ್ಸೂ ಬಂತು. ಆ ಅರ್ಧ ಜೂಲ್ ಎಲ್ಲಿಂದ ಬಂತು ಅಂತ ನಾವೂ ಕೇಳಲಿಲ್ಲ, ವೈವಾದಲ್ಲಿ ಕೂತಿದ್ದವರೂ ಕೇಳಲಿಲ್ಲ. ಎರಡು ಎಎ ಸೆಲ್ಲಿನಲ್ಲಿ ಸುಮಾರು ೨೭ ಸಾವಿರ ಜೂಲ್ ಇರುತ್ತೆ! :-)

ನಿಜವಾದ ಲೆಕ್ಕ ಬೇರೆಯೇ ಇದೆ. ಟೆಲೋಸ್‌ಬಿ ಅನ್ನೋ ಹಳೇ ನೋಡ್‌ನ ರೇಡಿಯೋ ಮಾತಾಡೋವಾಗ ೧೭.೪ ಮಿಲಿಆಂಪಿಯರ್ ಎಳೆಯುತ್ತೆ. ಸುಮ್ಮನೆ ಕಿವಿ ತೆರೆದು ಕೂತರೆ ಹತ್ತಿರ ಹತ್ತಿರ ೧೯. ಅಂದ್ರೆ ಕೇಳೋದು ಮಾತಾಡೋದಕ್ಕಿಂತ ದುಬಾರಿ (ಮೀಟಿಂಗುಗಳಲ್ಲಿ ಕೂತವರಿಗೆ ಇದು ಹೊಸದೇನಲ್ಲ). ೨೫೦೦ ಮಿಲಿಆಂಪಿಯರ್-ಅವರ್ ಸೆಲ್ ಹಾಕಿ ಹಗಲೂ ರಾತ್ರಿ ಕೇಳಿಸಿಕೊಳ್ತಾ ಕೂತರೆ ಐದೂವರೆ ದಿನಕ್ಕೆ ಖಲಾಸ್. ಹಾಗಾಗಿ ನಿದ್ದೆಯೇ ಇಲ್ಲಿ ಮುಖ್ಯ ಕಸುಬು. ಎಷ್ಟು ಹೊತ್ತು ಮಲಗಬಹುದು ಅನ್ನೋದನ್ನ ಹೇಳೋದು ಪ್ರೋಟೋಕಾಲ್ ಅಲ್ಲ, ಎದುರಿಗೆ ಓಡಾಡೋ ಪ್ರಾಣಿ. ಅರವತ್ತು ಕಿಲೋಮೀಟರ್ ವೇಗದ ಜೀಪು ಹತ್ತು ಸೆಕೆಂಡಿನಲ್ಲಿ ೧೬೭ ಮೀಟರ್ ದಾಟಿರುತ್ತೆ. ಗಂಟೆಗೆ ಐದು ಕಿಲೋಮೀಟರ್ ನಡೆಯೋ ಆನೆ? ೧೪ ಮೀಟರ್. ಆನೆಗಾದ್ರೆ ಹತ್ತು ಸೆಕೆಂಡಿಗೊಮ್ಮೆ ಕಣ್ಣು ಬಿಟ್ಟರೆ ಸಾಕು. ಮಲಗಿರೋ ನೋಡನ್ನ ಎಬ್ಬಿಸೋಕೆ ಪಕ್ಕದ ನೋಡು ಹತ್ತು ಸೆಕೆಂಡು ಬಿಡದೆ ಬಾಗಿಲು ಬಡೀತಾ ಇರಬೇಕಾಗುತ್ತೆ, ನಿಜ. ಆದ್ರೆ ಆನೆ ಬಂದ ದಿನ ಮಾತ್ರ ತಾನೆ ಆ ಖರ್ಚು?

ಇದನ್ನ ಮೊದಲೇ ನೆಲದ ಮೇಲೆ ಮಾಡಿ ನೋಡಿದವರಿದ್ದಾರೆ. ವರ್ಜೀನಿಯಾ ವಿಶ್ವವಿದ್ಯಾಲಯದವರು ೭೦ ನೋಡ್ ಹರಡಿ ವಾಹನದ ಜಾಡು ಹಿಡಿದ ಪ್ರಯೋಗವನ್ನ ೨೦೦೪ರಲ್ಲಿ ಪ್ರಕಟಿಸಿದ್ರು. ಕೆಲವು ನೋಡ್ ಕಾವಲಿಗೆ ಎಚ್ಚರ, ಉಳಿದವು ನಿದ್ದೆ. ಒಂದೇ ನೋಡ್ ಕೂಗಿದ್ರೆ ನಂಬೋ ಹಾಗಿಲ್ಲ, ಅಕ್ಕಪಕ್ಕದವೂ ಹೌದು ಅನ್ನಬೇಕು. ಅದೇ ವರ್ಷ ಪ್ರಿನ್ಸ್‌ಟನ್‌ನವರು ಕೀನ್ಯಾದಲ್ಲಿ ಜೀಬ್ರಾಗಳ ಕೊರಳಿಗೇ ಜಿಪಿಎಸ್ ಕಟ್ಟಿದ್ರು. ಎರಡು ಜೀಬ್ರಾ ಹತ್ತಿರ ಬಂದಾಗ ಒಂದರ ಮಾಹಿತಿ ಇನ್ನೊಂದಕ್ಕೆ ದಾಟೋ ಏರ್ಪಾಡು. ನಮ್ಮ ಹಾಸನದ ಕಡೆಯೂ ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಅರಣ್ಯ ಇಲಾಖೆ ಸಿಬ್ಬಂದಿ ನಡೆದೇ ಜಾಡು ಹಿಡೀತಾರೆ. ಆದ್ರೆ ಮಾವನಿಗೆ ಭಯ ಇರೋದು ಕಾಲರ್ ಇಲ್ಲದ ಒಂಟಿ ಸಲಗದ್ದು. ಪ್ರತಿ ಆನೆಗೂ ಅರಿವಳಿಕೆ ಕೊಟ್ಟು ಕಾಲರ್ ಹಾಕೋದು ಆಗೋ ಮಾತಲ್ಲ. ಆನೆಗೆ ಕಟ್ಟೋಕಾಗದಿದ್ರೆ ದಾರಿಗೆ ಕಟ್ಟಬೇಕು. ನಮ್ಮ ಟಾರ್ಗೆಟ್ ಥರ ಆನೆ ಮನಸ್ಸು ಬಂದ ಕಡೆ ತಿರುಗಲ್ಲ, ಅದಕ್ಕೆ ಅದರದೇ ದಾರಿ ಇದೆ. ಮಾವನ ಹಳ್ಳಕ್ಕೆ ಇರೋದು ಎರಡೇ ದಾಟು. ನೂರು ನೋಡ್ ಯಾಕೆ? ಒಂದೊಂದು ದಾಟಿಗೆ ಮೂರು ಸಾಕು.

ಇಷ್ಟನ್ನೂ ಉತ್ಸಾಹದಿಂದ ಮಾವನಿಗೆ ವಿವರಿಸಿದೆ. ಮಾವ ಕೇಳಿದ್ರು, "ಸಂದೇಶ ಬರಲಿಲ್ಲ ಅಂದ್ರೆ ಆನೆ ಇಲ್ಲ ಅಂತಲೋ, ನಿನ್ನ ಡಬ್ಬ ಸತ್ತಿದೆ ಅಂತಲೋ?"

ನಿಜ ಹೇಳ್ತೀನಿ, ನಾಲ್ಕು ವರ್ಷದ ಇಂಜಿನಿಯರಿಂಗಿನಲ್ಲಿ ಯಾರೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಲೆಕ್ಕದಲ್ಲಿ ಮಾತಾಡದೆ ಇದ್ದ ನೋಡೇ ಜಾಣ ನೋಡು, ಬ್ಯಾಟರಿ ಉಳಿಸಿತಲ್ಲ! ಆದ್ರೆ ಆ ಮೌನ ನಂಬಿಕೊಂಡು ಏಳು ಗಂಟೆಗೆ ಆಳುಗಳು ಹಳ್ಳ ದಾಟ್ತಾರೆ. ನನ್ನ ಪ್ರಕಾರ ಪ್ರತಿ ನೋಡೂ ದಿನಾ ಬೆಳಗಿನ ಜಾವ "ಬದುಕಿದೀನಿ" ಅಂತ ಒಂದು ಮಾತು ಕಳಿಸಲೇಬೇಕು. ಕಳಿಸದಿದ್ರೆ ಆ ದಾಟಿನಲ್ಲಿ ಆನೆ ಇದೆ ಅಂತಲೇ ಲೆಕ್ಕ. ಅದಕ್ಕೆ ಬ್ಯಾಟರಿ ಹೋಗುತ್ತೆ, ಗ್ರಾಫ್ ಸ್ವಲ್ಪ ಕೆಳಗೆ ಬಾಗುತ್ತೆ. ಬಾಗಲಿ ಬಿಡಿ. ಜೀವಮಾನ ಶೇಕಡಾ ಇಷ್ಟು ಹೆಚ್ಚಿಸಿದ್ವಿ ಅಂತ ಬರೆಯೋ ಪ್ರಾಜೆಕ್ಟುಗಳು, ಸತ್ತ ನೋಡನ್ನ ಎಷ್ಟು ಹೊತ್ತಿಗೆ ಪತ್ತೆ ಮಾಡಿದ್ವಿ ಅಂತಲೂ ಬರೀಬೇಕು.

ಮಳೆ ನಿಂತ ಮೇಲೆ ಆರು ಡಬ್ಬ ತಗೊಂಡು ಹೋಗೋಣ ಅಂತಿದೀನಿ. ಒದ್ದೆ ಎಲೆಗಳ ಮಧ್ಯೆ ೨.೪ ಗಿಗಾಹರ್ಟ್ಸ್ ನೆಚ್ಚೋ ಹಾಗಿಲ್ಲ, ಲೈಸೆನ್ಸ್ ಬೇಡದ ೮೬೫ ಮೆಗಾಹರ್ಟ್ಸ್ ಲೋರಾ ನೋಡಬೇಕು. ಹೆಜ್ಜೆಯ ಅದುರು ಹಿಡಿಯೋಕೆ ಜಿಯೋಫೋನ್. ನಿಮ್ಮಲ್ಲಿ ಯಾರಾದ್ರೂ ತೋಟದಲ್ಲಿ ಜಿಯೋಫೋನ್ ಹೂತು ನೋಡಿದ್ದರೆ, ದನದ ಹೆಜ್ಜೆಗೂ ಆನೆ ಹೆಜ್ಜೆಗೂ ವ್ಯತ್ಯಾಸ ಹೇಗೆ ಕಂಡುಹಿಡಿದ್ರಿ ಅಂತ ದಯವಿಟ್ಟು ತಿಳಿಸಿ. ಮಾವನ ಮನೇಲಿ ಎಂಟು ದನ ಇದಾವೆ, ದಿನಾ ಅದೇ ಹಳ್ಳಕ್ಕೆ ನೀರಿಗೆ ಹೋಗ್ತವೆ.