ಒಲೆಯ ನೀಲಿ ಉರಿ ಎಲ್ಲಿಂದ ಬಂತು?

ಅಕ್ಕಂದಿರೇ, ಸಿಲಿಂಡರ್ ಮನೆ ಬಾಗಿಲಿಗೆ ಬಂದಾಗ ನಾವು ಕೇಳುವುದು ಎರಡೇ ಮಾತು: ‘ಈ ಸಲ ಎಷ್ಟಾಯ್ತಪ್ಪಾ?’ ‘ಮುಂದಿನದು ಯಾವಾಗ?’ ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಅಂಗಡಿಯವನನ್ನು ನಿಲ್ಲಿಸಿ ಕೇಳುವ ನಾವು ಇದರ ಹುಟ್ಟನ್ನು ಮಾತ್ರ ಕೇಳುವುದಿಲ್ಲ. ದಾಂಡೇಲಿ, ಹಳಿಯಾಳ, ಮುಂಡಗೋಡ ಪೇಟೆಯವರಿಗೂ, ಜೋಯಿಡಾ ಹಳ್ಳಿಗಳಲ್ಲಿ ಸೌದೆ ಒಲೆಯ ಪಕ್ಕದಲ್ಲೇ ಗ್ಯಾಸ್ ಒಲೆ ಇಟ್ಟುಕೊಂಡವರಿಗೂ ಇದು ತಿಳಿದಿರಬೇಕಾದ ಸಂಗತಿ.

ನಮ್ಮ ನೆಲದಲ್ಲಿ ಎಣ್ಣೆ ಇಲ್ಲ. ಜೋಯಿಡಾ ಕಾಡಿನಲ್ಲಿ ಮ್ಯಾಂಗನೀಸ್ ಅದಿರು ತೆಗೆದದ್ದುಂಟು, ಆದರೆ ಕಲ್ಲೆಣ್ಣೆ ಹುಟ್ಟುವುದು ಬೇರೆ ಕಡೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಸತ್ತ ಸಣ್ಣ ಜೀವಿಗಳು ಕೆಸರಿನಡಿ ಹೂತು, ಭೂಮಿಯ ಕಾವಿಗೆ ಬೆಂದ ಜಾಗದಲ್ಲಿ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲೇ ಸಿಕ್ಕಿತು, ಮುಂಬಯಿ ಕಡಲಿನಲ್ಲಿ 1974ರಲ್ಲಿ. ಅದು ದೇಶಕ್ಕೆ ಸಾಲದು. ನೂರಕ್ಕೆ 80ಕ್ಕೂ ಹೆಚ್ಚು ಪಾಲು ಕಚ್ಚಾ ಎಣ್ಣೆ ಹೊರಗಿನಿಂದ ಹಡಗಿನಲ್ಲಿ ಬರಬೇಕು.

ಮಂಗಳೂರಿನ ಎಂ.ಆರ್.ಪಿ.ಎಲ್. ಹೆಸರು ಕೇಳಿದ್ದೀರಿ. 1996ರಲ್ಲಿ ಕೆಲಸ ಶುರುಮಾಡಿದ ಈ ಸಂಸ್ಕರಣಾಗಾರದಲ್ಲಿ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾ ಎಣ್ಣೆ ಶುದ್ಧ ಮಾಡಬಹುದು. ಅಲ್ಲಿ ಮಾಡುವುದೇನು ಗೊತ್ತೇ? ಅನ್ನದ ಪಾತ್ರೆಯ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಇಳಿಯುತ್ತದಲ್ಲ, ಅದೇ ಕೆಲಸ, ಮುಗಿಲೆತ್ತರದ ಕೊಳವೆಯಲ್ಲಿ. ಕಪ್ಪನೆಯ ಎಣ್ಣೆಯನ್ನು ಚೆನ್ನಾಗಿ ಕಾಯಿಸಿ ಕೊಳವೆಯೊಳಗೆ ಬಿಟ್ಟರೆ ಹಗುರಾದದ್ದು ಮೇಲೇರುತ್ತದೆ, ಭಾರವಾದದ್ದು ಕೆಳಗುಳಿಯುತ್ತದೆ. ತುತ್ತತುದಿಯಲ್ಲಿ ಗ್ಯಾಸ್, ಅದರ ಕೆಳಗೆ ಪೆಟ್ರೋಲ್, ಆಮೇಲೆ ಸೀಮೆಎಣ್ಣೆ, ಡೀಸೆಲ್. ತಳದಲ್ಲಿ ಉಳಿಯುವ ಗಷ್ಟೇ ರಸ್ತೆಗೆ ಹಾಕುವ ಡಾಂಬರು. (ಈಗ ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, 2025ರಲ್ಲಿ ನೂರಕ್ಕೆ 20ರವರೆಗೂ ಹೋಯಿತು. ಹಳಿಯಾಳದಲ್ಲಿ ಬೆಳೆಯುವಂಥ ಕಬ್ಬು, ಮುಂಡಗೋಡದ ಕಡೆಯ ಗೋವಿನಜೋಳ, ಎರಡರಿಂದಲೂ ಎಥನಾಲ್ ಆಗುತ್ತದೆ. ನಮ್ಮ ಹೊಲವೂ ಈ ಲೆಕ್ಕಕ್ಕೆ ಬಂತು ನೋಡಿ!)

ಹೀಗೆ ಸಿಗುವ ಅಡುಗೆ ಗ್ಯಾಸ್ ಊರಿಗೆಲ್ಲ ಸಾಲುವುದಿಲ್ಲ. ದೇಶಕ್ಕೆ ಬೇಕಾದುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗ್ಯಾಸ್ ಆಗಿಯೇ ತರಿಸಬೇಕು, ಬಹುಕಾಲದಿಂದ ಅದರ ದೊಡ್ಡ ಪಾಲು ಬಂದಿರುವುದು ಕೊಲ್ಲಿ ದೇಶಗಳಿಂದ. ಅಲ್ಲಿ ಯುದ್ಧದ ಸುದ್ದಿ ಬಂದರೆ ನಮ್ಮ ಅಡುಗೆಮನೆಯಲ್ಲಿ ಚಿಂತೆ ಹುಟ್ಟುವುದು ಇದಕ್ಕೇ. ಹಳಬರು ಮಳೆಗಾಲಕ್ಕೆ ಕಣಜ ತುಂಬಿಸಿಡುತ್ತಿದ್ದ ಹಾಗೆ, ಮಂಗಳೂರಿನಲ್ಲಿ ಬಂಡೆ ಕೊರೆದು ನೆಲದಡಿ 80,000 ಟನ್ ಗ್ಯಾಸ್ ಹಿಡಿಸುವ ಗುಹೆಯನ್ನು 2025ರಲ್ಲಿ ಸಿದ್ಧ ಮಾಡಿದ್ದಾರೆ.

ಬಂದರಿನಿಂದ ಟ್ಯಾಂಕರಿನಲ್ಲಿ, ಪೈಪಿನಲ್ಲಿ ಸಿಲಿಂಡರ್ ತುಂಬುವ ಕಾರ್ಖಾನೆಗೆ, ಅಲ್ಲಿಂದ ಲಾರಿಯಲ್ಲಿ ನಮ್ಮೂರ ಏಜೆನ್ಸಿಗೆ. ಈ ದಾರಿ ಸುಮ್ಮನಲ್ಲ. 2015ರಲ್ಲಿ ನಮ್ಮ ಜಿಲ್ಲೆಯದೇ ಕುಮಟಾ ಹತ್ತಿರದ ಬರ್ಗಿಯಲ್ಲಿ ಟ್ಯಾಂಕರ್ ಉರುಳಿ, ಗ್ಯಾಸ್ ಸೋರಿ ಬೆಂಕಿ ಹತ್ತಿ, ಅಕ್ಕಪಕ್ಕದ ಮನೆಯವರು ಪ್ರಾಣ ಕಳೆದುಕೊಂಡರು.

ಇದರ ಗುಣ ತಿಳಿದಿದ್ದರೆ ಭಯ ಅರ್ಧ ಕಡಿಮೆ. ಒತ್ತಡ ಹಾಕಿ ನೀರಿನಂತೆ ಮಾಡಿ ತುಂಬಿರುತ್ತಾರೆ. ಹೊರಗೆ ಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಗಿಂತ ಭಾರ, ಆದ್ದರಿಂದ ನೆಲದ ಮೇಲೇ ಹರಡಿ ಮೂಲೆ ಸೇರುತ್ತದೆ. ಸಿಲಿಂಡರನ್ನು ತಗ್ಗಿನಲ್ಲಿ, ಗಾಳಿಯಾಡದ ಕಪಾಟಿನ ಮೂಲೆಯಲ್ಲಿ, ಉರಿಯುವ ಸೌದೆ ಒಲೆಯ ಪಕ್ಕದಲ್ಲಿ ಇಡಲೇಬೇಡಿ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಆ ಕೆಟ್ಟ ನಾತ ನಮ್ಮನ್ನು ಎಚ್ಚರಿಸಲೆಂದೇ ಬೆರೆಸಿದ ಮದ್ದು. ನಾತ ಬಂದರೆ ದೀಪದ ಸ್ವಿಚ್ಚು ಹಾಕಲೂ ಬೇಡಿ, ಆರಿಸಲೂ ಬೇಡಿ, ಫ್ಯಾನ್ ಕೂಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ. ಆಮೇಲೆ 1906ಕ್ಕೆ ಫೋನ್ ಮಾಡಿ. ರಬ್ಬರ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ‘ಇನ್ನೂ ಗಟ್ಟಿ ಇದೆ’ ಅನ್ನುವ ಉಳಿತಾಯ ಇಲ್ಲಿ ಬೇಡ.

ಇನ್ನು ತೂಕದ ಮಾತು. ಕೊಟ್ಟ ಹಣ ಎಲ್ಲರದೂ ಬೆವರಿನದು, ಆದ್ದರಿಂದ ಸಂಕೋಚ ಪಡಬೇಡಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತದೆ. ಅದಕ್ಕೆ 14.2 ಕಿಲೋ ಕೂಡಿಸಿ. 15.3 ಎಂದಿದ್ದರೆ ತುಂಬಿದ್ದು 29.5 ತೂಗಬೇಕು. ತಂದುಕೊಡುವವರು ತಕ್ಕಡಿ ಇಟ್ಟುಕೊಂಡಿರಬೇಕು. ‘ಸ್ವಲ್ಪ ತೂಗಿ ತೋರಿಸ್ರಿ ತಮ್ಮಾ’ ಎಂದು ಕೇಳುವುದು ನಮ್ಮ ಹಕ್ಕು. ಸೀಲು ಒಡೆದಿದ್ದರೆ ತೆಗೆದುಕೊಳ್ಳಬೇಡಿ. ಹಿಡಿಕೆಯ ಒಳಬದಿಯ ಪಟ್ಟಿಯಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತವೆ. ಅದು ಗ್ಯಾಸಿನ ತಾರೀಖಲ್ಲ, ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು. ಎ ಎಂದರೆ ಮಾರ್ಚ್, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ‘ಡಿ 27’ ಎಂದಿದ್ದರೆ 2027ರ ಡಿಸೆಂಬರ್‌ವರೆಗೆ. ಗಡುವು ದಾಟಿದ್ದು ಬಂದರೆ ಹೊಸ್ತಿಲಿನಿಂದಲೇ ವಾಪಸು ಕಳಿಸಿ.