ಕೀಲಿಮಣೆಯ ಒಳದಾರಿಗಳು

ವಿಠ್ಠಲವಾಡಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋಗಿಬರುವುದರಲ್ಲಿಯೇ ದಿನದ ಎರಡು-ಮೂರು ತಾಸುಗಳನ್ನು ಕಳೆಯುವ ನಮಗೆ ಕಾಲದ ಬೆಲೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಇಳಿದೊಡನೆ ಮೇಲ್ಸೇತುವೆ ಎದುರಾಗುವಂತೆ ಯಾವ ಡಬ್ಬಿಯನ್ನು ಹತ್ತಬೇಕೆಂದು ಲೆಕ್ಕ ಹಾಕುವ ಜನ ನಾವು. ಆದರೆ ಅದೇ ಜನ ಗಣಕಯಂತ್ರದ ಮುಂದೆ ಕುಳಿತೊಡನೆ ಈ ಜಾಣ್ಮೆಯನ್ನು ಮರೆತು, ಒಂದು ಖಾತೆಯ ಸಂಖ್ಯೆಯನ್ನು ನಕಲು ಮಾಡಲು ಮೌಸನ್ನು ಹಿಡಿದು ಪರದೆಯ ಉದ್ದಗಲಕ್ಕೂ ಅಲೆಯುವುದನ್ನು ನಿತ್ಯವೂ ಕಾಣುತ್ತೇನೆ.

ಕಂಟ್ರೋಲ್ ಕೀಲಿಯೊಡನೆ 'ಸಿ' ಒತ್ತಿದರೆ ನಕಲು, 'ವಿ' ಒತ್ತಿದರೆ ಅಂಟಿಸುವುದು, 'ಜೆಡ್' ಒತ್ತಿದರೆ ಮಾಡಿದ್ದು ರದ್ದು. ಕತ್ತರಿಸಿ ಅಂಟಿಸುವ ಈ ಕ್ರಮವನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಝೆರಾಕ್ಸ್ ಸಂಶೋಧನ ಕೇಂದ್ರದಲ್ಲಿ ರೂಪಿಸಿದವರಲ್ಲಿ ಪ್ರಮುಖರಾದ ಲ್ಯಾರಿ ಟೆಸ್ಲರ್ 2020ರಲ್ಲಿ ತೀರಿಕೊಂಡರು. ಬ್ಯಾಂಕಿನವನಾದ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದುದು ವಿಂಡೋಸ್ ಕೀಲಿಯೊಡನೆ 'ಎಲ್'. ಅದು ಪರದೆಗೆ ಬೀಗ. ಚಹಾಕ್ಕೆಂದು ಏಳುವಾಗ ನಗದು ಪೆಟ್ಟಿಗೆಯನ್ನು ತೆರೆದಿಟ್ಟು ಹೋಗುವ ಗುಮಾಸ್ತನಿಲ್ಲ. ಪರದೆಯನ್ನು ತೆರೆದಿಟ್ಟು ಹೋಗುವವರು ಅನೇಕರು. ಮೌಸಿಗಾಗಿ ಮತ್ತೆ ಮತ್ತೆ ಕೈಚಾಚುವ ಭುಜಕ್ಕೂ ಮಣಿಕಟ್ಟಿಗೂ ಸ್ವಲ್ಪ ವಿಶ್ರಾಂತಿ ದೊರೆಯುವುದು ಇದರ ಇನ್ನೊಂದು ಲಾಭ.

ಇಷ್ಟಾದರೂ ಇಲ್ಲಿ ಉಳಿಯುವುದು ಕೆಲವು ಕ್ಷಣಗಳು ಮಾತ್ರ. ಕನ್ನಡಿಗರಾದ ನಮಗೆ ನಿಜವಾಗಿ ಬೇಕಾದ ಒಳದಾರಿ ಬೇರೆ: ವಿಂಡೋಸ್ ಕೀಲಿಯೊಡನೆ ಸ್ಪೇಸ್. ಗಣಕಯಂತ್ರದ ಭಾಷಾ ಪಟ್ಟಿಗೆ ಒಮ್ಮೆ ಕನ್ನಡವನ್ನು ಸೇರಿಸಿಟ್ಟರೆ, ಈ ಎರಡು ಕೀಲಿಗಳಿಂದ ಆಂಗ್ಲ ಹೋಗಿ ಕನ್ನಡ ಬರುತ್ತದೆ. ಇದನ್ನು ಅರಿಯದೆ, ಅಥವಾ ಅರಿತೂ ಉದಾಸೀನರಾಗಿ, ನಾವು ಕನ್ನಡವನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯುತ್ತಿದ್ದೇವೆ. ಆ ಬರಹದಲ್ಲಿ ಹಲ್ಲಿಗೂ ಹಳ್ಳಿಗೂ, ಕಲೆಗೂ ಕಳೆಗೂ ಭೇದವಿಲ್ಲ. ಊರಿನಲ್ಲಿ ದಿನಪತ್ರಿಕೆಯನ್ನು ಆದ್ಯಂತ ಓದುವ ಅಜ್ಜಿಗೆ ಮೊಮ್ಮಗನ ಸಂದೇಶವನ್ನು ಓದಲಾಗದು. ಇಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗನಿಗೆ ಅಕ್ಷರಗಳನ್ನು ಕಾಣುವ ಅವಕಾಶವೇ ಇಲ್ಲ.

ಕನ್ನಡದ ಕೀಲಿಮಣೆ ಕಠಿಣವೆಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದವರೂ ಒಂದು ಕಾಲಕ್ಕೆ ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದವರೂ ಆದ ನಾಡೋಜ ಕೆ. ಪಿ. ರಾವ್ ಅವರು, ಇಡೀ ವರ್ಣಮಾಲೆಯನ್ನು ಆಂಗ್ಲದ ಇಪ್ಪತ್ತಾರು ಕೀಲಿಗಳಲ್ಲಿಯೇ ಅಡಗಿಸಿ ತೋರಿಸಿದ್ದಾರೆ. ಅವರ ವಿನ್ಯಾಸದಲ್ಲಿ 'ಕನ್ನಡ' ಎಂಬ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು ಸಾಕು; ಎಫ್ ಎಂಬುದು ಅಕ್ಷರಗಳನ್ನು ಬೆಸೆಯುವ ಕೊಂಡಿ. ಅದೇ ಪದವನ್ನು ಆಂಗ್ಲ ಅಕ್ಷರಗಳಲ್ಲಿ ಬರೆಯಲು ಏಳು ಒತ್ತುಗಳು ಬೇಕು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಈ ವಿನ್ಯಾಸವಿದೆ. ವಿಂಡೋಸಿನಲ್ಲಿಯೇ ಇರುವ ಇನ್‌ಸ್ಕ್ರಿಪ್ಟ್ ವಿನ್ಯಾಸ ಬೇರೆ ಬಗೆಯದು. ಉಚ್ಚಾರಣೆಯಂತೆ ಬೆರಳಚ್ಚಿಸುವ ಅನುಕೂಲವೂ 2019ರಲ್ಲಿ ಅದಕ್ಕೆ ಸೇರಿತು. ಯಾವುದಾದರೂ ಒಂದನ್ನು ಹಿಡಿದು ಅಭ್ಯಾಸ ಮಾಡಬೇಕು.

ಈಗ ಬಾಯಿಂದ ಹೇಳಿದರೆ ಯಂತ್ರವೇ ಬರೆಯುತ್ತದೆಯಲ್ಲ ಎಂದು ತರುಣರು ಹೇಳುವರು. ಬರೆಯುತ್ತದೆ, ನಿಜ, ಆದರೆ ಅದು ಬರೆದ ತಪ್ಪನ್ನು ತಿದ್ದುವವನಿಗೆ ಅಕ್ಷರ ಬರಬೇಡವೇ?

ಮುಂದಿನ ವರ್ಷದ ಸಂಚಿಕೆಗೆ ಬರುವ ಲೇಖನಗಳು ಕನ್ನಡ ಲಿಪಿಯಲ್ಲಿಯೇ ಇರಬೇಕೆಂಬ ನಿಯಮವನ್ನು ಸಂಘದ ಕಾರ್ಯಕಾರಿ ಸಮಿತಿಯವರು ಮಾಡಬೇಕೆಂದು ಕೋರುತ್ತೇನೆ. ಅದಕ್ಕೆ ಮೊದಲು ಒಂದು ಭಾನುವಾರ ಬೆಳಿಗ್ಗೆ ಎರಡು ಗಣಕಯಂತ್ರಗಳನ್ನಿಟ್ಟು ಸದಸ್ಯರಿಗೂ ಅವರ ಮಕ್ಕಳಿಗೂ ಕಲಿಸುವ ಏರ್ಪಾಡಾಗಲಿ. ಕಲಿಸುವವರಲ್ಲಿ ಒಬ್ಬನಾಗಿ ಬರಲು ನಾನು ಸಿದ್ಧನಿದ್ದೇನೆ.